ಲಯನ್ ಅಣ್ಣನ ಬೆರಳು

ಜಕ್ಕೂರಿನ ಹಳೇ ಊರಿಗೆ ಹೋಗಿ ಸೊಣ್ಣಮ್ಮನ ಮನೆ ಎಲ್ಲಿ ಎಂದು ಕೇಳಿ, ಯಾರಾದರೂ ತೋರಿಸುತ್ತಾರೆ. ಕೆಳಗೆ ಮನೆಯವರು, ಮೇಲೆ ಮೂರು ಬಾಡಿಗೆ ಮನೆ. ಮುಂದೆ ಹಸು ಕಟ್ಟುತ್ತಿದ್ದ ಜಾಗದಲ್ಲಿ ಈಗ ಒಂದು ಕಾರು, ಎರಡು ಬೈಕು. ಹಸುಗಳು ಹೋಗಿ ಎಂಟು ವರ್ಷವಾಯಿತು. ಸೊಣ್ಣಮ್ಮನ ಕೈಗಳಿಗೆ ಮಾತ್ರ ಅದಿನ್ನೂ ಗೊತ್ತಾಗಿಲ್ಲ. ಬೆಳಗಿನ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಕೈ ಕೆಲಸ ಹುಡುಕುತ್ತದೆ. ಹಾಲು ಕರೆಯೋಣವೆಂದರೆ ಹಸುವಿಲ್ಲ, ಕಳೆ ಕೀಳೋಣವೆಂದರೆ ಹೊಲವಿಲ್ಲ, ಸೊಸೆ ಅಡುಗೆ ಮನೆಗೆ ಬಿಡುವುದಿಲ್ಲ. ಅರವತ್ತೇಳು ವರ್ಷದ ಗಟ್ಟಿಮುಟ್ಟಾದ ಹೆಂಗಸನ್ನು ಒಂದು ಕಡೆ ಕೂತಿರು ಎಂದರೆ ಅವಳಾದರೂ ಹೇಗೆ ಕೂತಿರುತ್ತಾಳೆ ಹೇಳಿ?

ಅಂಥ ಕೈಗೆ ಮಗ ಅನಂತರಾಜು ಒಂದು ಫೋನು ತಂದುಕೊಟ್ಟ. ಅವನು ಬಿಲ್ಡರು, ಸೈಟು, ಸಿಮೆಂಟು ಅಂತ ಊರೂರು ತಿರುಗುವವನು. ಅಮ್ಮ ಸುಮ್ಮನೆ ಕೂತಿರಲಿ ಅಂತ ಕೊಟ್ಟ. ಅಮ್ಮ ಕೂತಳು ನಿಜ, ಬೆರಳು ಮಾತ್ರ ಕೂರಲಿಲ್ಲ.

ವಿಡಿಯೋ ನೋಡುವುದಕ್ಕೆ ಅಕೌಂಟು ಬೇಕಂತೆ. ರೀಚಾರ್ಜ್ ಅಂಗಡಿಯ ಸುಫಿಯಾನ್ ಮಾಡಿಕೊಟ್ಟ. "ಅಜ್ಜಿ, ಹೆಸರೇನ್ ಹಾಕ್ಲಿ? ಫೋಟೋ?" ಎಂದು ಕೇಳಿದ.

"ಎಸ್ರೂ ಬ್ಯಾಡ, ಮೊಕಾನೂ ಬ್ಯಾಡ ಕಣಪ್ಪ. ಉಡುಗ್ರು ನೋಡುದ್ರೆ ನಗ್ತಾವೆ."

ಸುಫಿಯಾನನಿಗೆ ತಮಾಷೆ ಜಾಸ್ತಿ. ಒಂದು ಸಿಂಹದ ಚಿತ್ರ ಹಾಕಿ 'ಲಯನ್ ಜಕ್ಕೂರು' ಅಂತ ಹೆಸರಿಟ್ಟುಬಿಟ್ಟ. ಹೀಗೆ ನಮ್ಮ ಸೊಣ್ಣಮ್ಮ ಸಿಂಹವಾದಳು.

ಮೊದಮೊದಲು ರಂಗೋಲಿ, ಬಸ್ಸಾರು, ದೇವರ ಅಲಂಕಾರ ಬರುತ್ತಿದ್ದವು. ಒಂದು ಮಧ್ಯಾಹ್ನ ಬೆರಳು ಮೇಲಕ್ಕೆ ತಳ್ಳಿದಾಗ ಬೈಕು ಬಂತು. ಮುಂದಿನ ಚಕ್ರ ಗಾಳಿಯಲ್ಲಿ, ಹಿಂದಿನ ಒಂದೇ ಚಕ್ರದ ಮೇಲೆ ಓಟ. ಇದಕ್ಕೆ ಹುಡುಗರು ವೀಲಿಂಗ್ ಅನ್ನುತ್ತಾರೆ. ಸೊಣ್ಣಮ್ಮ ಎದ್ದು ಕೂತಳು. ಸಿನಿಮಾದ ಫೈಟುಗಳನ್ನು ಅವಳು ಎಂದೂ ನಂಬಿದವಳಲ್ಲ. ಹಗ್ಗ ಕಟ್ಟಿರುತ್ತಾರೆ ಅಂತ ಅವಳಿಗೆ ಗೊತ್ತು. ಇಲ್ಲಿ ಹಗ್ಗವಿಲ್ಲ, ಬಣ್ಣವಿಲ್ಲ. ಸೈಲೆನ್ಸರಿಗೆ ಕಂಬಿ ಸುತ್ತಿದ ಗಾಡಿ. ತೂತಾದ ಬನಿಯನ್ನು. ಹಿಂದೆ ಓಡಿಬರುವ ಬೀದಿನಾಯಿ, ಅಲುಗಾಡುವ ಚಿತ್ರ, ಕಣ್ಣಿಗೆ ಬೀಳುವ ಧೂಳು. ಆ ಧೂಳು ನಮ್ಮೂರಿನದೇ! ಗಾಡಿ ವಾಲಿದರೆ ಇವಳೂ ಕೂತಲ್ಲೇ ವಾಲುತ್ತಿದ್ದಳು. ದಿನವೆಲ್ಲ ಚಡಪಡಿಸುವ ಜೀವಕ್ಕೆ ಆ ಇಪ್ಪತ್ತು ಸೆಕೆಂಡು ಒಂದು ಕೆಲಸ ಸಿಕ್ಕಂತಾಗುತ್ತಿತ್ತು. ಮುಗಿದ ಕೂಡಲೇ ಮತ್ತೆ ಚಡಪಡಿಕೆ, ಮತ್ತೆ ಬೆರಳು.

ನಾಲ್ಕನೆಯ ದಿನ ಅವಳಿಗೆ ಇನ್ನೊಂದು ಕಾಣಿಸಿತು. ಓಡಿಸುವವನ ಮುಖಕ್ಕೆ ಕರ್ಚೀಫು. ನಂಬರ್ ಪ್ಲೇಟು ಒಳಕ್ಕೆ ಮಡಚಿತ್ತು. ಆದರೆ ಹ್ಯಾಂಡಲ್ಲಿನ ಎಡಗಡೆ ಕೆಂಪು ಬಟ್ಟೆಯೊಂದು ಪಟಪಟ ಬಡಿಯುತ್ತಿತ್ತಲ್ಲ, ಅದು ಅವಳದೇ ಸೀರೆಯ ಅಂಚು! ಆಯುಧಪೂಜೆಯ ದಿನ ದೃಷ್ಟಿಯಾಗದಿರಲಿ ಅಂತ ಹರಿದು ಕಟ್ಟಿದ್ದಳು. ಗಾಡಿ ತಮ್ಮ ಮನೆಯದು. ಕರ್ಚೀಫಿನ ಹಿಂದಿರುವವನು ಮೊಮ್ಮಗ ಅಶ್ವತ್ಥ್, ಹದಿನೇಳು ವರ್ಷ, ಎರಡನೇ ಪಿಯುಸಿ.

ಆ ಮನೆಯಲ್ಲಿ ಟ್ರ್ಯಾಕ್ಟರಿನ ಕಾಲದಿಂದ ಒಂದು ಪದ್ಧತಿ. ಸೊಣ್ಣಮ್ಮನ ಕೈಗುಣ ಒಳ್ಳೆಯದು ಅಂತ ಪ್ರತಿ ಗಾಡಿಯನ್ನೂ ಅವಳ ಹೆಸರಿನಲ್ಲೇ ತರುತ್ತಾರೆ. ಬೀಗದ ಕೈಗಳು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ. ಯಾರೇ ಹೊರಟರೂ ಅವಳೇ ತೆಗೆದು ಕೈಗೆ ಕೊಡಬೇಕು, ಹಣೆಗೆ ಕುಂಕುಮ ಇಡಬೇಕು. ಅಶ್ವತ್ಥನಿಗೆ ಲೈಸೆನ್ಸ್ ಇಲ್ಲವಲ್ಲ ಅಂದರೆ ಮನೆಯವರೆಲ್ಲ, "ಊರೊಳಗೆ ಓಡ್ಸೋಕೆ ಯಾವ ಲೈಸೆನ್ಸು?" ಅನ್ನುತ್ತಿದ್ದರು. ಹೀಗೆ ಬೈಕಿನ ಮಾಲೀಕಳೂ ಸೊಣ್ಣಮ್ಮ, ಬೀಗದ ಕೈ ಕೊಟ್ಟವಳೂ ಸೊಣ್ಣಮ್ಮ, ನೋಡುವವಳೂ ಸೊಣ್ಣಮ್ಮ.

ಬೈಯಬೇಕಿತ್ತಲ್ಲವೇ? ಅವಳಿಗೆ ಹೆಮ್ಮೆಯಾಯಿತು! ಮನೆಯಲ್ಲಿ ತಲೆಯೆತ್ತದೆ ತಿಂದು ಹೋಗುವ ಹುಡುಗ ಫೋನಿನಲ್ಲಿ ರಾಜನ ಹಾಗೆ ಎದೆಯುಬ್ಬಿಸಿ ಹೋಗುತ್ತಿದ್ದ. ಅವನಪ್ಪನಿಗೆ ತಿಳಿದರೆ ಗಾಡಿ ಒಡೆದು ಹಾಕುತ್ತಾನೆ ಅಂತ ಬಾಯಿ ಮುಚ್ಚಿಕೊಂಡಳು. ಹೊಸ ವಿಡಿಯೋ ಬಿತ್ತೋ, ಮೊದಲ ಹಾರ್ಟು ಲಯನ್ ಜಕ್ಕೂರಿನದೇ. ಹಜಾರದಲ್ಲಿ ಮೊಮ್ಮಗ ಕೂತಿರುತ್ತಿದ್ದ, ಒಳಗೆ ಎಂಟು ಹೆಜ್ಜೆ ದೂರದಲ್ಲಿ ಅಜ್ಜಿ ಅವನನ್ನೇ ಫೋನಿನಲ್ಲಿ ನೋಡುತ್ತಿದ್ದಳು. ಇಬ್ಬರಿಗೂ ಮಾತಿರಲಿಲ್ಲ.

ಒಂದು ಗುರುವಾರ ಅವಳಿಗೆ ಇಷ್ಟು ಸಾಲದೆನಿಸಿತು. ಬರೆಯಲು ಬಾರದಿದ್ದರೇನು, ಮೈಕಿನ ಗುರುತು ಒತ್ತಿ ಮಾತಾಡಿದರೆ ಫೋನೇ ಬರೆಯುತ್ತದೆ. ಒತ್ತಿ ಹೇಳಿದಳು: "ಎಲ್ಡೂ ಕೈ ಬಿಟ್ಟು ಓಡ್ಸು ನನ್ ರಾಜ, ನೋಡಾನ!"

ಶುಕ್ರವಾರ ಉತ್ತರ ಬಂತು. ಕರ್ಚೀಫಿನ ಹುಡುಗ ನೇರವಾಗಿ ಅವಳನ್ನೇ ನೋಡಿ ಮಾತಾಡಿದ. "ಲಯನ್ ಅಣ್ಣ, ನಿಮ್ ಕಾಮೆಂಟ್ ನೋಡ್ದೆ. ಫಸ್ಟ್ ದಿನದಿಂದ ನಮ್ ಜೊತೆ ಇರೋದು ನೀವೊಬ್ರೇ. ಭಾನುವಾರ ಬೆಳಗ್ಗೆ ಆರು ಗಂಟೆ, ನಿಮಗೋಸ್ಕರ, ಎರಡೂ ಕೈ ಬಿಟ್ಟು ವೀಲಿಂಗ್. ಇನ್ನೂರು ಮೀಟರ್. ಲೈವ್!"

ಹಿಂದಿನಿಂದ ಯಾರೋ ಒಬ್ಬ ಕೂಗಿದ: "ಎತ್ತಲೇ ಮಚ್ಚಾ, ಎತ್ತಲೇ!"

ಸೊಣ್ಣಮ್ಮನ ಎದೆ ಅರಳಿತು. ಶನಿವಾರ ಮಧ್ಯಾಹ್ನ ಅಶ್ವತ್ಥ್ ಬ್ಯಾಗು ಹಾಕಿಕೊಂಡು, "ಅಜ್ಜಿ, ಬ್ಯಾಟರಾಯನಪುರದಲ್ಲಿ ಫ್ರೆಂಡ್ ಮನೇಲಿ ಓದ್ಕೋತೀವಿ, ನಾಳೆ ಬರ್ತೀನಿ" ಎಂದಾಗ ಒಳಗೊಳಗೇ ನಕ್ಕಳು. ಮೊಳೆಯಿಂದ ಕೀ ತೆಗೆದಳು, ಕುಂಕುಮ ಇಟ್ಟಳು, ಕೈಗೆ ಕೊಟ್ಟಳು.

ಅದೇ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಬಾಡಿಗೆ ಮನೆಯ ರತ್ನಕ್ಕ ಕೆಳಗಿಳಿದು ಬಂದಳು. ಗದಗದ ಕಡೆಯವಳು. ಗಂಡ ವೀರಬಸಪ್ಪನಿಗೆ ಗೊರಗುಂಟೆಪಾಳ್ಯದ ಹತ್ತಿರ ಫ್ಯಾಕ್ಟರಿ ಕೆಲಸ. ಇವಳು ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ. ಡ್ಯೂಟಿ ಮುಗಿಸಿ ಬಂದವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಏನವ್ವ, ಮೊಕ ಇಂಗೆ ಬಾಡೋಗದೆ?" ಎಂದಳು ಸೊಣ್ಣಮ್ಮ.

"ಏನ್ ಹೇಳ್ಲಿರೀ ಸೊಣ್ಣಮ್ಮನವರ. ಒಂದು ಹುಡುಗ ಬಂದಾನ, ಹತ್ತೊಂಬತ್ತು ವರ್ಷ. ವೀಲಿಂಗ್ ಮಾಡಾಕ ಹೋಗಿ ಸೊಂಟದ ಎಲುಬು ಮುರ್ಕೊಂಡಾನ. ಇವತ್ತಿಗೆ ನಲವತ್ತು ದಿನ ಆತು, ಮಗ್ಗಲಾ ಹೊಳ್ಳಾಕ ಆಗವಲ್ದು. ನಾನೇ ಮೈ ಒರಸಬೇಕು, ನಾನೇ ಬೆಡ್‌ಪ್ಯಾನ್ ಇಡಬೇಕು. ನಾಚಿಕಿಗೆ ಕಣ್ಣು ಮುಚ್ಕೋತೈತಿ ಕೂಸು."

ಸೊಣ್ಣಮ್ಮನಿಗೆ ಎಲ್ಲೋ ಚುಚ್ಚಿದಂತಾಯಿತು. ಬಿಟ್ಟುಕೊಡಲಿಲ್ಲ. "ಅವ್ನಿಗೆ ಬರ್ತಿರ್ನಿಲ್ಲ ಅಂತ ಕಾಣ್ತದೆ ಬುಡು. ಕಲ್ತವ್ರು ಬೀಳಾಕಿಲ್ಲ. ನಾನು ದಿನಾ ನೋಡ್ತೀನಿ, ಒಬ್ರೂ ಬೀಳಾಕಿಲ್ಲ."

"ಬಿದ್ದದ್ದನ್ನ ಅವರೆಲ್ಲಿ ಹಾಕ್ತಾರ್ರೀ? ಹತ್ತು ಸಲ ಬಿದ್ದು ಒಂದು ಸಲ ನಿಂತಿದ್ದನ್ನ ತೋರಸ್ತಾರ. ಇವಗೂ ಎರಡು ವರ್ಷದ ರೂಢಿ ಇತ್ತು. ಅವನೇ ಹೇಳಿದ, ಮುಂದಿನ ಗಾಲಿ ಎತ್ತಿದ ಮ್ಯಾಲೆ ರಸ್ತೆ ಕಾಣಂಗಿಲ್ಲಂತ, ಬರೇ ಆಕಾಶ ಕಾಣ್ತದಂತ. ಎದುರಿಗೆ ಏನ್ ಐತಿ ಗೊತ್ತಾಗಂಗಿಲ್ಲ. ಹ್ಯಾಂಡಲ್ ತಿರುಗಿಸಿದ್ರ ಗಾಡಿ ತಿರುಗಂಗಿಲ್ಲ. ಸಣ್ಣ ಹಳ್ಳ, ಒಂದಿಷ್ಟು ಉಸುಕು, ಒಂದಿಷ್ಟು ನೀರು, ಅಷ್ಟ ಸಾಕು."

"ನೀರಾ?" ಅಂದಳು ಸೊಣ್ಣಮ್ಮ.

"ಹೂಂ ಮತ್ತ. ಇನ್ನೊಂದು ಕೇಳ್ರಿ. ಅವನು ಬಿದ್ದದ್ದನ್ನ ಗೆಳ್ಯಾರು ಲೈವ್ ಹಿಡಿದಿದ್ರು. ಅವನ ಎಲ್ಲಾ ವಿಡಿಯೋಕ್ಕಿಂತ ಅದನ್ನ ಹೆಚ್ಚು ಮಂದಿ ನೋಡ್ಯಾರ. ಹಾಸಿಗ್ಯಾಗ ಮಲಕೊಂಡು ಅವನೂ ಅದನ್ನ ನೋಡ್ತಾನ. ಹಾರ್ಟ್ ಒತ್ತಿದೋರು ಸಾವಿರಗಟ್ಲೆ ಅದಾರ. ಬೆಡ್‌ಪ್ಯಾನ್ ಹಿಡ್ಯಾಕ ಒಬ್ರೂ ಬಂದಿಲ್ಲ. ಮೊದಲು ಒತ್ತಿದ ಬೆರಳು ಯಾವ್ದೋ, ಅದನ್ನ ತಂದು ನಮ್ಮ ವಾರ್ಡಿನ್ಯಾಗ ನಿಂದರಸಬೇಕು ಅನಸ್ತೈತ್ರೀ ನನಗ!"

ಸೊಣ್ಣಮ್ಮ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳಿಗೆ ರೇಗಿತು. ತಪ್ಪು ಸಿಕ್ಕಿಬಿದ್ದಾಗ ಯಾರಿಗೆ ರೇಗುವುದಿಲ್ಲ? "ಊರ್ನೋರ್ ಉಡುಗ್ರು ಮಾತು ಬುಡವ್ವ. ನಿನ್ ಮಗನ್ನ ನೋಡ್ಕೋ ಮೊದ್ಲು!" ಎಂದು ಫೋನು ತೆಗೆದು ಶುಕ್ರವಾರದ ವಿಡಿಯೋ ಹಾಕಿದಳು.

ಕರ್ಚೀಫಿನ ಹುಡುಗ ಮಾತಾಡಿದ. ಹಿಂದಿನಿಂದ ಕೂಗು ಬಂತು: "ಎತ್ತಲೇ ಮಚ್ಚಾ, ಎತ್ತಲೇ!"

ಹಡೆದ ತಾಯಿಗೆ ಮಗನ ದನಿ ಗೊತ್ತಾಗುವುದಿಲ್ಲವೇ? ವಿಡಿಯೋ ಹಿಡಿದವನು ರತ್ನಕ್ಕನ ಮಗ ಬಸವಕಿರಣ; ದಿನಾ ಮೆಟ್ಟಿಲಲ್ಲಿ ಕೇಳುವ ದನಿ, ಸೊಣ್ಣಮ್ಮನಿಗೂ ಶುಕ್ರವಾರವೇ ಗೊತ್ತಾಗಿತ್ತು. ರತ್ನಕ್ಕ ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು. "ಯವ್ವಾ! ನನಗ ಪ್ರಾಜೆಕ್ಟ್ ವರ್ಕ್ ಅಂತ ಹೇಳ್ಯಾನ. ದಿನಾ ವಾರ್ಡಿನ್ಯಾಗ ಮಂದಿ ಮಕ್ಕಳಿಗೆ ಬುದ್ಧಿ ಹೇಳ್ತೀನಿ, ನನ್ನ ಮನ್ಯಾಗ ಏನ್ ನಡದೈತಿ ನೋಡಲಿಲ್ಲ ನಾನು" ಎಂದು ಅತ್ತಳು.

ಸೊಣ್ಣಮ್ಮನ ಕೋಪ ಇಳಿಯಿತು. ಇಳಿದ ಜಾಗಕ್ಕೆ ಭಯ ಬಂತು. ವಿಡಿಯೋದಲ್ಲಿ ಹುಡುಗನ ಹಿಂದೆ ಒಂದು ಮೊಂಡು ಹೊಂಗೆಮರ ಕಾಣುತ್ತಿತ್ತು. ಅದು ಕೆರೆ ಹಿಂದಿನ ಹೊಸ ಲೇಔಟು. ಅಲ್ಲಿ ಟಾರು ಬೀಳುವ ಮುಂಚೆ ಅವಳ ರಾಗಿ ಹೊಲವಿತ್ತು. ಮೂವತ್ತು ವರ್ಷ ಬರಿಗಾಲಲ್ಲಿ ತುಳಿದ ನೆಲ. ಮರದಿಂದ ಕೆಳಕ್ಕೆ ಇನ್ನೂರು ಹೆಜ್ಜೆ ಹೋದರೆ ಒರತೆಯ ಜಾಗ. ಬೇಸಿಗೆಯಲ್ಲೂ ಅಲ್ಲಿ ನೀರು ಜಿನುಗುತ್ತಿತ್ತು, ಎತ್ತುಗಳು ಜಾರುತ್ತಿದ್ದವು. ಲೇಔಟಿನವರು ಮೇಲೆ ಟಾರು ಎಳೆದರು, ಒರತೆ ಕೇಳಬೇಕಲ್ಲ! ಬಿರುಕಿನಿಂದ ಎದ್ದು ರಸ್ತೆಯ ಮೇಲೆ ತೆಳ್ಳಗೆ ಪಾಚಿ ಕಟ್ಟಿತ್ತು. ಹುಡುಗರು ಇದುವರೆಗೆ ಅದಕ್ಕಿಂತ ಮುಂಚೆಯೇ ನಿಲ್ಲಿಸುತ್ತಿದ್ದರು. ನಾಳೆಯದು ಇನ್ನೂರು ಮೀಟರ್. ಕೈ ಬಿಟ್ಟು, ಆಕಾಶ ನೋಡಿಕೊಂಡು, ಮೊಮ್ಮಗ ನೇರ ಆ ಪಾಚಿಯ ಮೇಲೆ ಹೋಗುತ್ತಾನೆ. ಹೋಗು ಎಂದವಳು ಯಾರು? ಅಜ್ಜಿ!

"ರತ್ನಿ, ನಾನೇ ಏಳಿದ್ದು ಕಣವ್ವ. ಕೈ ಬುಡು ಅಂತ ನಾನೇ ಏಳಿದ್ದು. ಆ ಸಿಮ್ಮ ನಾನೇ" ಎಂದಳು.

ರತ್ನಕ್ಕ ಫೋನಿನ ಸಿಂಹವನ್ನೂ ಸೊಣ್ಣಮ್ಮನನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದಳು. "ಮೊದಲು ಫೋನ್ ಹಚ್ಚ್ರಿ."

ಅಶ್ವತ್ಥನ ಫೋನು ಸ್ವಿಚ್ ಆಫ್. ಕಿರಣನದು ರಿಂಗಾಗಿ ರಿಂಗಾಗಿ ನಿಂತಿತು. ಹಿಂದೂಪುರಕ್ಕೆ ಹೋಗಿದ್ದ ಅನಂತರಾಜು, "ಅಮ್ಮಾ, ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟ. ಸೊಣ್ಣಮ್ಮ ಮೈಕು ಒತ್ತಿ ಹೊಸ ಕಾಮೆಂಟು ಹಾಕಿದಳು: "ಬ್ಯಾಡ ರಾಜ, ಮಾಡ್ಬ್ಯಾಡ, ಕೈ ಬುಡಬ್ಯಾಡ." ಸಂಜೆ ಅದಕ್ಕೆ ಬಂದ ಉತ್ತರವನ್ನು ರತ್ನಕ್ಕ ಓದಿ ಹೇಳಿದಳು: "ಲಯನ್ ಅಣ್ಣ ನಮ್ ದಮ್ಮು ಟೆಸ್ಟ್ ಮಾಡ್ತಾವ್ರೆ ಗುರು! ನಾಳೆ ತೋರಿಸ್ತೀವಿ." ಕೆಳಗೆ ಮುನ್ನೂರು ಜನ ಹಾರ್ಟು ಒತ್ತಿದ್ದರು. ತಾನು ಒಂದು ಬೆರಳಿನಿಂದ ಬಿಟ್ಟದ್ದನ್ನು ಈಗ ಎರಡು ಕೈಯಿಂದಲೂ ಹಿಡಿಯಲಾಗುತ್ತಿಲ್ಲ ಎಂದು ಅವಳಿಗೆ ತಿಳಿಯಿತು.

"ಪೊಲೀಸರಿಗೆ ಹೇಳೂಣು, ನೂರಾ ಹನ್ನೆರಡಕ್ಕ ಹಚ್ಚಿದ್ರ ಬರ್ತಾರ" ಎಂದಳು ರತ್ನಕ್ಕ. "ಮತ್ತೊಂದು ತಿಳ್ಕೋರಿ. ಹದಿನೆಂಟು ತುಂಬದವನ ಕೈಯಾಗ ಗಾಡಿ ಕೊಟ್ರ ಕೇಸು ಗಾಡಿ ಯಾರ ಹೆಸರಿಲೆ ಐತೋ ಅವರ ಮ್ಯಾಲೆ, ಇಲ್ಲಾ ಹೆತ್ತವರ ಮ್ಯಾಲೆ. ಜೈಲಿಗೂ ಹಾಕಬಹುದು. ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. ಹುಡುಗಗ ಇಪ್ಪತ್ತೈದು ತುಂಬೂತನಕ ಲೈಸೆನ್ಸ್ ಸಿಗಂಗಿಲ್ಲ. ವಾರ್ಡಿಗೆ ಬರೋ ಪೊಲೀಸರೇ ಹೇಳ್ತಾರ."

"ಅಂದ್ರೆ ನನ್ ಮ್ಯಾಲೆ. ಆಗ್ಲಿ ಬುಡು, ಕೀ ಕೊಟ್ಟೋಳು ನಾನೇ ಅಲ್ವಾ? ಬೆಳಿಗ್ಗೆ ಮೊದ್ಲು ನಾನು ಓಯ್ತೀನಿ. ನನ್ ಮಾತು ಕೇಳ್ದೆ ಓದ್ರೆ ನೀನು ಆ ನೂರಾ ಅನ್ನೆಲ್ಡಕ್ಕೆ ಒತ್ತು."

ಭಾನುವಾರ ಆರಕ್ಕೆ ಮುಂಚೆಯೇ ಇಬ್ಬರೂ ಕೆರೆ ಏರಿ ದಾಟಿ ಲೇಔಟಿಗೆ ಬಂದರು. ಮೊಂಡು ಹೊಂಗೆಯ ಕೆಳಗೆ ಏಳೆಂಟು ಹುಡುಗರು, ಮೂರು ಬೈಕು, ಒಂದು ಸ್ಕೂಟರು. ಸ್ಕೂಟರಿನ ಹಿಂದೆ ತಿರುಗಿ ಕೂತ ಕಿರಣ ಅಂಗೈಗೆ ರಬ್ಬರ್ ಬ್ಯಾಂಡ್ ಹಾಕಿ ಫೋನು ಕಟ್ಟಿಕೊಂಡಿದ್ದ. ಅಮ್ಮನನ್ನು ಕಂಡವನು ಇಳಿದು ತಲೆ ತಗ್ಗಿಸಿ ನಿಂತ. ಅಶ್ವತ್ಥ್ ಇಳಿಯಲಿಲ್ಲ. ತಲೆಗೆ ಹೆಲ್ಮೆಟ್ ಇಲ್ಲ, ಕರ್ಚೀಫು ಮೂಗಿನ ತನಕ, ಹ್ಯಾಂಡಲ್ಲಿನಲ್ಲಿ ಅಜ್ಜಿಯ ಸೀರೆಯಂಚು.

"ಅಜ್ಜಿ! ನೀನ್ಯಾಕೆ ಬಂದೆ? ಸೈಡಿಗೆ ಹೋಗು, ಇನ್ನೈದು ನಿಮಿಷಕ್ಕೆ ಲೈವ್ ಹೋಗ್ಬೇಕು. ಲಯನ್ ಅಣ್ಣಂಗೆ ಮಾತು ಕೊಟ್ಟಿದೀನಿ."

"ಆವಣ್ಣ ಯಾರು ಅಂತ ಗೊತ್ತೇನ್ಲಾ ನಿಂಗೆ?"

"ಗೊತ್ತಿಲ್ಲ. ಆದ್ರೆ ಅವರಿಗೆ ನಾನು ಗೊತ್ತು. ಮನೇಲಿ ಯಾರಿಗೆ ಗೊತ್ತು ಹೇಳು?"

ಆ ಮಾತು ಸೊಣ್ಣಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಸೊಂಟದಿಂದ ಫೋನು ತೆಗೆದಳು. ಅವಸರದಲ್ಲಿ ಮೈಕಿನ ಗುರುತು ಎರಡು ಸಲ ತಪ್ಪಿತು. ಮೂರನೇ ಸಲ ಒತ್ತಿ, ಮೊಮ್ಮಗನ ಮುಖ ನೋಡಿಕೊಂಡೇ ಹೇಳಿದಳು: "ಅಶ್ವತ್ಥ, ಲಯನ್ನು ನಿಮ್ಮಜ್ಜಿ ಕಣಪ್ಪ."

ಕಿರಣನ ಕೈಯಲ್ಲಿದ್ದ ಫೋನು ಟಿಂಗ್ ಅಂತು. ಅವನು ಓದಿದ, ಸೊಣ್ಣಮ್ಮನನ್ನು ನೋಡಿದ, ಫೋನನ್ನು ಅಶ್ವತ್ಥನ ಕಡೆ ತಿರುಗಿಸಿದ. ಸಿಂಹದ ಚಿತ್ರದ ಪಕ್ಕದಲ್ಲಿ ಅದೇ ಸಾಲು. ಹಿಂದೆ ಒಬ್ಬ ಕಿಸಕ್ಕನೆ ನಕ್ಕು, ನಗು ನುಂಗಿಕೊಂಡ.

"ನೀನಾ? ಎಲ್ಲಾನೂ ನೀನೇನಾ?"

"ಎಲ್ಲಾನೂ ನಾನೇ. ಕೈ ಬುಡು ಅಂದಿದ್ದೂ ನಾನೇ. ತಪ್ಪಾಯ್ತು ಕಣಪ್ಪ."

ಅಶ್ವತ್ಥನ ಕಣ್ಣು ಕೆಂಪಾಯಿತು. "ಥೂ! ಯಾರೋ ದೊಡ್ಡೋರು ನನ್ನ ನೋಡ್ತಾವ್ರೆ ಅನ್ಕೊಂಡಿದ್ದೆ. ಎಲ್ಲರ ಮುಂದೆ ಮಾನ ಕಳೆದ್ಬಿಟ್ಟೆ" ಎಂದು ಗಾಡಿ ಸ್ಟಾರ್ಟ್ ಮಾಡಿದ. ಆಕ್ಸಿಲರೇಟರ್ ತಿರುವಿದ. ರತ್ನಕ್ಕ ಫೋನಿನಲ್ಲಿ ಒಂದು, ಒಂದು, ಎರಡು ಒತ್ತಿ ಹಸಿರು ಗುಂಡಿಯ ಮೇಲೆ ಬೆರಳಿಟ್ಟು ನಿಂತಳು.

ಸೊಣ್ಣಮ್ಮ ಅಡ್ಡ ಬರಲಿಲ್ಲ, ಅಳಲಿಲ್ಲ. ಹಟ ಹಿಡಿದ ಕರುವನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. "ಓಗು. ಓಗೋಕ್ಮುಂಚೆ ಒಂದ್ ಕೆಲ್ಸ ಮಾಡು. ನಿನ್ ಗಾಡಿ ಎಲ್ಲಿಗಂಟ ಓಯ್ತದೋ ಅಲ್ಲಿಗಂಟ ಒಂದ್ಸಲ ನಡ್ಕೊಂಡೋಗಿ ಬಾ. ಬರಿಗಾಲಲ್ಲಿ. ಬಂದ್ಮೇಲೆ ಓಡ್ಸು, ನಾನೇ ಕೂತು ನೋಡ್ತೀನಿ" ಎಂದಳು.

"ಹೋಗ್ಬಾ ಮಗಾ, ಅಜ್ಜಿ ಅಷ್ಟ್ ಕೇಳ್ತಾ ಇದೆ" ಎಂದರು ಹುಡುಗರು.

ಅಶ್ವತ್ಥ್ ಚಪ್ಪಲಿ ಬಿಸಾಕಿ, ಎದೆಯುಬ್ಬಿಸಿ, ರಸ್ತೆಯ ನಡುವೆ ನಡೆದ. ಇಳಿಜಾರಿನಲ್ಲಿ ಬೇಕೆಂದೇ ಎರಡೂ ಕೈ ಮೇಲೆತ್ತಿದ. ನೂರೆಂಬತ್ತು ಹೆಜ್ಜೆಯಾಯಿತು. ಇನ್ನೂರಾಯಿತು. ಬಲಗಾಲು ಸರ್ರನೆ ಮುಂದೆ ಹೋಯಿತು, ಎಡಗಾಲು ಎಲ್ಲೋ ಹೋಯಿತು, ಅಂಗಾತ ಬಿದ್ದ. ಏಳಲು ಹೋಗಿ ಮತ್ತೆ ಬಿದ್ದ. ಹುಡುಗರು ಓಡಿದರು, ಅವರಲ್ಲೊಬ್ಬನೂ ಜಾರಿ ಕೂತ. ರತ್ನಕ್ಕ ಅಶ್ವತ್ಥನ ಮಣಿಕಟ್ಟು ಹಿಡಿದು ನಿಧಾನವಾಗಿ ತಿರುಗಿಸಿ ನೋಡಿದಳು. "ಮುರದಂಗಿಲ್ಲ, ಉಳುಕೈತಿ. ಆದ್ರೂ ಡಾಕ್ಟರಿಗೆ ತೋರಸಬೇಕು" ಎಂದಳು.

ಅಷ್ಟರಲ್ಲಿ ಆ ಪಾಚಿಯ ಆಚೆಯ ತಿರುವಿನಿಂದ ಸೈಕಲ್ ಬೆಲ್ ಕೇಳಿಸಿತು. ಹಾಲಿನ ಪಂಚಪ್ಪ, ಎರಡು ಕಡೆ ಕ್ಯಾನು ಕಟ್ಟಿಕೊಂಡು ಬಂದವನು, ಒದ್ದೆಯ ಹತ್ತಿರ ತಾನಾಗಿಯೇ ಇಳಿದು ಸೈಕಲ್ಲು ತಳ್ಳಿಕೊಂಡ. "ಏನ್ ಸೊಣ್ಣಕ್ಕ, ಒರತೆ ನೋಡಾಕೆ ಬಂದ್ಯಾ? ದಿನಾ ಆರ್ಗಂಟೆಗೆ ಇಂಗೇ ಬರ್ತೀನಿ, ದಿನಾ ಇಲ್ಲಿ ಇಳೀತೀನಿ. ಏನ್ ಮಾಡುದ್ರೂ ನಿಲ್ಲಾಕಿಲ್ಲ ನೋಡು ನಿನ್ ಒರತೆ" ಎಂದು ನಕ್ಕು ಅಪಾರ್ಟ್‌ಮೆಂಟಿನ ಕಡೆ ಹೋದ.

ಕಿರಣ ಗಡಿಯಾರ ನೋಡಿದ. ಆರು ಗಂಟೆ ಎರಡು ನಿಮಿಷ. "ಲೇ, ನಾವು ಗಾಡಿ ಬಿಟ್ಟಿದ್ರ ಈ ಹೊತ್ತಿಗೆ ಇಲ್ಲೇ ಇರ್ತಿದ್ವಿ. ಆ ಹಾಲಿನವರೂ ಇಲ್ಲೇ ಇರ್ತಿದ್ರು" ಎಂದ. ಅಶ್ವತ್ಥ್ ಪಾಚಿ ಮೆತ್ತಿದ ಅಂಗೈ ನೋಡಿಕೊಂಡು ಕೂತೇ ಇದ್ದ. ಕರ್ಚೀಫು ಕಳಚಿ ಕುತ್ತಿಗೆಗೆ ಬಿದ್ದಿತ್ತು. ಅಜ್ಜಿಗೆ ಎಷ್ಟೋ ದಿನದ ಮೇಲೆ ಅವನ ಮುಖ ಪೂರ್ತಿ ಕಾಣಿಸಿತು. ಗಲ್ಲದಲ್ಲಿ ಗಡ್ಡ ಬರುವ ಮುಂಚಿನ ಮೊಡವೆ, ಕಣ್ಣ ಕೆಳಗೆ ಕಪ್ಪು. ಇದೆಲ್ಲ ಯಾವಾಗ ಬಂತು ಎಂದು ಅವಳಿಗೆ ಗೊತ್ತಿರಲಿಲ್ಲ.

ಕೀ ಅವನೇ ತಂದು ಅಜ್ಜಿಯ ಕೈಗಿಟ್ಟ. ಉಳುಕಿದ ಕೈಯವನ ಗಾಡಿಯನ್ನು ಕಿರಣ ತಳ್ಳಿದ. ರತ್ನಕ್ಕ ಮಗನ ಪಕ್ಕ ನಡೆದಳು, ಬೈಯುತ್ತ ಬೈಯುತ್ತ ಅವನ ಬೆನ್ನು ಸವರುತ್ತಿದ್ದಳು. ಕೆರೆ ಏರಿಯ ಮೇಲೆ ಬಂದಾಗ ಅಶ್ವತ್ಥ್ ಕೇಳಿದ: "ಇನ್ಮೇಲೆ ನನ್ನ ಯಾರು ನೋಡ್ತಾರೆ ಅಜ್ಜಿ?"

"ನಾನು ನೋಡ್ತೀನಿ ಕಣೋ. ಆಜಾರದಲ್ಲಿ ಕೂತಿದ್ದೋನ್ನ ಬುಟ್ಟು ಫೋನ್ನಾಗೆ ನೋಡ್ತಾ ಕೂತಿದ್ದೆ ನೋಡು, ನನ್ ಬುದ್ಧಿಗಿಷ್ಟು! ಇನ್ನು ಉಣ್ಣಾಕೆ ಕೂತಾಗ ನೋಡ್ತೀನಿ. ಬೈಯೋದೂ ಬೈತೀನಿ."

ಹುಡುಗ ನಗಲಿಲ್ಲ. ಆದರೆ ಅಜ್ಜಿಯ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ.

ಅನಂತರಾಜು ಬಂದವನೇ ಆರ್ಭಟಿಸಿದ: "ಕೀ ಕೊಟ್ಟೋರ್ಯಾರು ಇವ್ನಿಗೆ?"

"ನಾನು" ಎಂದಳು ಸೊಣ್ಣಮ್ಮ. "ಊರೊಳಗೆ ಯಾವ ಲೈಸೆನ್ಸು ಅಂದೋನು ನೀನು. ಕೂತ್ಕೋ. ಇಬ್ರೂ ಸೇರಿ ಕೇಳಾನ."

ಅವನು ಕೂತ, ರತ್ನಕ್ಕ ವಾರ್ಡಿನ ಹುಡುಗನ ಕಥೆ ಹೇಳಿದಳು. ಕೇಳಿ ಮುಗಿಯುವ ಹೊತ್ತಿಗೆ ಅವನ ದನಿ ಇಳಿದಿತ್ತು. ಆ ದಿನವೇ ಬೈಕಿಗೆ ಟಾರ್ಪಾಲು ಹೊದಿಸಿದರು. ಹದಿನೆಂಟು ತುಂಬಿ, ಕಲಿಕಾ ಲೈಸೆನ್ಸ್ ಆಗಿ, ಸರಿಯಾಗಿ ಕಲಿತು ಪೂರ್ತಿ ಲೈಸೆನ್ಸ್ ಬರುವ ತನಕ ಅದನ್ನು ತೆಗೆಯುವುದಿಲ್ಲ. ವಿಡಿಯೋಗಳನ್ನು ಕಿರಣನೇ ಕೂತು ಅಳಿಸಿದ. ಮಾರನೇ ವಾರ ಒರತೆಯ ಜಾಗಕ್ಕೆ ಮೋರಿ ಹಾಕಿಸುವಂತೆ ಅನಂತರಾಜು ಲೇಔಟಿನವರ ಬೆನ್ನು ಹತ್ತಿದ.

ಸಿಂಹ? ಸಿಂಹ ಇನ್ನೂ ಇದೆ. ಬೆರಳು ಈಗಲೂ ಚಡಪಡಿಸುತ್ತದೆ, ಬೈಕು ಈಗಲೂ ಬರುತ್ತದೆ, ಮೈ ಈಗಲೂ ಒಂದು ಕ್ಷಣ ವಾಲುತ್ತದೆ. ಆಗ ಸೊಣ್ಣಮ್ಮ ಸುಫಿಯಾನ್ ಹೇಳಿಕೊಟ್ಟ ಹಾಗೆ ಮೂಲೆಯ ಮೂರು ಚುಕ್ಕಿ ಒತ್ತಿ, 'ರಿಪೋರ್ಟ್' ಎನ್ನುವುದನ್ನು ಒತ್ತುತ್ತಾಳೆ. ಊರಿನ ಮಹಿಳಾ ಸಂಘದವರಿಗೂ ಅದನ್ನೇ ಕಲಿಸಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ಅಜ್ಜ ಅಜ್ಜಿಯರೇ, ಈ ಮಾತು ಬೈಕು ಹಾರಿಸುವ ಹುಡುಗರಿಗಿಂತ ಮೊದಲು ನಮಗೆ, ನೋಡುವವರಿಗೆ. ಹುಡುಗ ಗಾಡಿ ಎತ್ತುವುದು ಪೆಟ್ರೋಲಿನಿಂದ ಮಾತ್ರವಲ್ಲ, ನಮ್ಮ ಹಾರ್ಟಿನಿಂದ. ಅಂಥ ವಿಡಿಯೋ ಬಂದರೆ ಮೆಚ್ಚಬೇಡಿ, ಇನ್ನೊಬ್ಬರಿಗೆ ಕಳಿಸಬೇಡಿ, 'ಇನ್ನೂ ತೋರಿಸು' ಅನ್ನಬೇಡಿ. ರಿಪೋರ್ಟ್ ಮಾಡಿ. ಹದಿನೆಂಟು ತುಂಬದ, ಲೈಸೆನ್ಸ್ ಇಲ್ಲದ ಮಕ್ಕಳಿಗೆ ಕೀ ಕೊಡಬೇಡಿ, ಮನೆ ಪಕ್ಕದ ಅಂಗಡಿಗೂ ಬೇಡ. ರಸ್ತೆಯಲ್ಲಿ ಅಪಾಯ ಕಂಡರೆ 112ಕ್ಕೆ ಕರೆ ಮಾಡಿ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಎದ್ದು ನಿಮ್ಮ ಮನೆಯ ಹಜಾರಕ್ಕೆ ಹೋಗಿ. ಅಲ್ಲಿ ತಲೆತಗ್ಗಿಸಿ ಕೂತಿರುವ ನಿಮ್ಮ ಹುಡುಗನ ಪಕ್ಕ ಕೂತು, ಊಟ ಆಯ್ತಾ ಎಂದು ಕೇಳಿ. ಎಂಟೇ ಹೆಜ್ಜೆ ಇರುವುದು.